ಹಾಲಿ, ಕಲ್ದಾರ, ನಯಾಪೈಸೆ: ಯಾದಗಿರಿ, ಶಹಾಪುರ, ಸುರಪುರ ಪ್ರಾಂತದಲ್ಲಿ ದಶಮಾಂಶ ಲೆಕ್ಕದ ಚರಿತ್ರೆ

ಏಳು ರೂಪಾಯಿ ಹಾಲಿಗೆ ಆರು ರೂಪಾಯಿ ಕಲ್ದಾರ. ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ವ್ಯಾಪಾರ ಮಾಡಿದವರೆಲ್ಲರೂ ಒಂದು ಕಾಲಕ್ಕೆ ಬಲ್ಲ ಸೂತ್ರವಿದು. ಹಾಲಿ ಎಂದರೆ ನಿಜಾಮನ ಟಂಕಸಾಲೆಯ ‘ಹಾಲಿ ಸಿಕ್ಕಾ’. ಕಲ್ದಾರವೆಂದರೆ ಬ್ರಿಟಿಷ್ ಹಿಂದೂಸ್ತಾನದ ಯಂತ್ರದಲ್ಲಿ ಅಚ್ಚಾದ ರೂಪಾಯಿ. ಎರಡಕ್ಕೂ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಹೆಸರುಗಳು ಒಂದೇ, ಬೆಲೆಗಳು ಮಾತ್ರ ಬೇರೆ. ಈ ಎರಡು ರೂಪಾಯಿಗಳ ನಡುವಣ ಭಾಗಾಕಾರ, ಆಮೇಲೆ ೧೯೫೭ರಲ್ಲಿ ಬಂದ ದಶಮಾಂಶ ನಾಣ್ಯದ ಭಾಗಾಕಾರ, ಇವೆರಡರಲ್ಲಿಯೂ ಉಳಿದ ಶೇಷವು ಯಾರ ಪಾಲಿಗೆ ಹೋಯಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದೇ ಪ್ರಶ್ನೆಯು ಇಂದು ಗಣಕಯಂತ್ರಗಳ ಜಾಲದಲ್ಲಿ ಮತ್ತೆ ಎದ್ದಿರುವುದರಿಂದ, ಆ ಕಡೆಗೂ ಒಂದಿಷ್ಟು ದೃಷ್ಟಿ ಹಾಯಿಸುವೆವು.

ಮೊದಲು ಭೂಗೋಳವನ್ನು ನೆನೆಯೋಣ. ಯಾದಗಿರಿ ಭೀಮಾನದಿಯ ಬದಿಗಿದೆ. ಶಹಾಪುರ, ಸುರಪುರಗಳು ಭೀಮಾ ಕೃಷ್ಣೆಗಳ ನಡುವಿನ ನೆಲ. ಬೇಡ ನಾಯಕರ ಸುರಪುರ ಸಂಸ್ಥಾನವು ೧೮೪೧ರಿಂದ ೧೮೫೩ರವರೆಗೆ ಮೆಡೋಸ್ ಟೇಲರನ ಆಡಳಿತದಲ್ಲಿದ್ದು, ೧೮೫೮ರ ದಂಗೆಯಲ್ಲಿ ರಾಜಾ ವೆಂಕಟಪ್ಪ ನಾಯಕನೊಡನೆ ಅಳಿದು, ೧೮೬೦ರಲ್ಲಿ ನಿಜಾಮನ ವಶವಾಯಿತು. ಅಲ್ಲಿಂದ ಪಶ್ಚಿಮಕ್ಕೆ ತುಸು ದೂರ ನಡೆದರೆ ಬಿಜಾಪುರ ಜಿಲ್ಲೆ, ಅಂದರೆ ಮುಂಬಯಿ ಆಧಿಪತ್ಯ. ಸುರಪುರದ ಕಡೆಯ ಒಕ್ಕಲಿಗನು ತಾಳಿಕೋಟೆಯ ಪೇಟೆಗೆ ಹೋದನೆಂದರೆ ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ, ಆದರೆ ಕೈಗೆ ಬರುವ ರೂಪಾಯಿ ಬೇರೆ. ೧೮೭೧ರಲ್ಲಿ ಸೊಲ್ಲಾಪುರದ ಕಡೆಯ ರೈಲುಮಾರ್ಗವು ಯಾದಗಿರಿಯನ್ನು ಹಾಯ್ದು ರಾಯಚೂರನ್ನು ಮುಟ್ಟಿದ ಮೇಲೆ ಹತ್ತಿ, ಕಾಳುಕಡಿಗಳು ಕಲ್ದಾರದ ಸೀಮೆಗೆ ಹೋಗುವುದು ಸುಲಭವಾಯಿತು. ಹೀಗೆ ಈ ಮೂರು ಊರುಗಳ ಅಡತಿ ಅಂಗಡಿಗಳಲ್ಲಿ ಎರಡು ರೂಪಾಯಿಗಳ ಲೆಕ್ಕ ಒಟ್ಟೊಟ್ಟಿಗೆ ನಡೆಯಬೇಕಾಯಿತು. ವಿನಿಮಯದಲ್ಲಿ ಮುರಿದುಕೊಳ್ಳುವ ವಟ್ಟವು ಮೊದಲು ಏರಿಳಿಯುತ್ತಿದ್ದು, ಕಡೆಗೆ ಏಳಕ್ಕೆ ಆರು ಎಂಬ ಪ್ರಮಾಣದಲ್ಲಿ ನೆಲೆನಿಂತಿತು.

ಈ ಪ್ರಮಾಣದಲ್ಲೊಂದು ವಿಚಿತ್ರವಿದೆ. ಒಂದು ರೂಪಾಯಿ ಕಲ್ದಾರವನ್ನು ಹಾಲಿಗೆ ತಿರುಗಿಸಿದರೆ ಒಂದು ರೂಪಾಯಿ ಎರಡಾಣೆ ಎಂಟು ಪೈ, ಕೂದಲೆಳೆಯಷ್ಟೂ ಉಳಿಯುವುದಿಲ್ಲ. ನೂರು ಕಲ್ದಾರಕ್ಕೆ ೧೧೬ ರೂಪಾಯಿ ೧೦ ಆಣೆ ೮ ಪೈ, ಅದೂ ಕರಾರುವಾಕ್ಕು. ಒಂದಾಣೆ ಕಲ್ದಾರಕ್ಕೆ ಒಂದಾಣೆ ಎರಡು ಪೈ. ರೂಪಾಯಿಯಲ್ಲಿರುವ ೧೯೨ ಪೈಗಳು ಆರರಿಂದ ನಿಃಶೇಷವಾಗಿ ಭಾಗವಾಗುವುದೇ ಇದಕ್ಕೆ ಕಾರಣ. ಆದರೆ ಅದೇ ೧೯೨ ಏಳರಿಂದ ಭಾಗವಾಗದು. ಆದ್ದರಿಂದ ಹಾಲಿಯಿಂದ ಕಲ್ದಾರಕ್ಕೆ ಬರುವಾಗ ಒಂದು ರೂಪಾಯಿಗೆ ಹದಿಮೂರಾಣೆ ಎಂಟು ಪೈ, ಮೇಲೆ ಒಂದು ಪೈಯ ಏಳನೆಯ ನಾಲ್ಕು ಪಾಲು. ಈ ಚೂರಿಗೆ ನಾಣ್ಯವಿಲ್ಲ. ಒಂದೊಂದು ರೂಪಾಯಿಯಲ್ಲಿಯೂ ಇದನ್ನು ಬಿಟ್ಟುಕೊಟ್ಟವನು ನೂರು ರೂಪಾಯಿಗೆ ನಾಲ್ಕಾಣೆ ಒಂಬತ್ತು ಪೈ ಕಳೆದುಕೊಂಡಂತಾಯಿತು. ಹಾಲಿ ಕೈಯಲ್ಲಿದ್ದು ಕಲ್ದಾರ ಬೇಕಾದವನೇ ಈ ಚೂರನ್ನು ಕಳೆದುಕೊಳ್ಳುವವನು ಎಂಬುದನ್ನು ಗಮನಿಸತಕ್ಕದ್ದು.

ಶೇಷಕ್ಕಿಂತ ದೊಡ್ಡ ಅಪಾಯ ಕ್ರಮದಲ್ಲಿದೆ. ನೂರು ರೂಪಾಯಿ ಹಾಲಿಯನ್ನು ಕಲ್ದಾರ ಮಾಡಬೇಕು. ಮೊದಲು ಏಳರಿಂದ ಭಾಗಿಸಿ, ರೂಪಾಯಿಗಿಂತ ಕೆಳಗಿನ ಶೇಷವನ್ನು ಬಿಟ್ಟು, ಬಳಿಕ ಆರರಿಂದ ಗುಣಿಸಿದವನಿಗೆ ಹದಿನಾಲ್ಕಾರಲಿ ಎಂಬತ್ತನಾಲ್ಕು ಸಿಕ್ಕುವುದು. ಮೊದಲು ಆರರಿಂದ ಗುಣಿಸಿ ಆಮೇಲೆ ಏಳರಿಂದ ಭಾಗಿಸಿದವನಿಗೆ ೮೫ ರೂಪಾಯಿ ೧೧ ಆಣೆ ೫ ಪೈ. ಅಂಕಿಗಳು ಅವೇ, ಕ್ರಿಯೆಗಳೂ ಅವೇ. ಹಿಂದುಮುಂದಾದುದಕ್ಕೆ ಒಂದು ರೂಪಾಯಿ ಹನ್ನೊಂದಾಣೆಯ ಮೇಲೆ ವ್ಯತ್ಯಾಸ. ಭಾಗಾಕಾರವನ್ನು ಕೊನೆಗೆ ಇಡಬೇಕೆಂಬ ಈ ವಿವೇಕವು ನಮ್ಮವರಿಗೆ ಹೊಸದಲ್ಲ. ತ್ರೈರಾಶಿಕದಲ್ಲಿ ಫಲವನ್ನು ಇಚ್ಛೆಯಿಂದ ಗುಣಿಸಿ ಆಮೇಲೆ ಪ್ರಮಾಣದಿಂದ ಭಾಗಿಸುವುದು ಹಳೆಯ ಗಣಿತಗ್ರಂಥಗಳೆಲ್ಲದರ ಕ್ರಮ.

ಆ ಗ್ರಂಥಗಳಲ್ಲೊಂದು ಈ ಪ್ರಾಂತದ ನೆರೆಯದೇ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಇಂದಿನ ಮಳಖೇಡ, ಯಾದಗಿರಿಯಿಂದ ದೂರವೇನಲ್ಲ. ಕ್ರಿ. ಶ. ೮೫೦ರ ಸುಮಾರಿಗೆ, ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ಭಿನ್ನರಾಶಿಗಳಿಗೆ ‘ಕಲಾಸವರ್ಣ’ವೆಂಬ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಛೇದಗಳನ್ನು ಸಮಗೊಳಿಸಲು ಆತನು ಹೇಳುವ ‘ನಿರುದ್ಧ’ವು ಇಂದು ನಾವು ಲಘುತಮ ಸಾಮಾನ್ಯ ಅಪವರ್ತ್ಯವೆಂದು ಶಾಲೆಯಲ್ಲಿ ಕಲಿಸುವುದೇ ಆಗಿದೆ. ಆರನೆಯ ಒಂದು, ಎಂಟನೆಯ ಒಂದು, ಹನ್ನೆರಡನೆಯ ಒಂದು ಪಾಲುಗಳನ್ನು ಕೂಡಬೇಕಾದಲ್ಲಿ ಛೇದಗಳನ್ನೆಲ್ಲ ಗುಣಿಸಿದರೆ ೫೭೬ ಬರುವುದು. ನಿರುದ್ಧವನ್ನು ಹಿಡಿದರೆ ೨೪ ಸಾಕು. ಉತ್ತರ ಎರಡರಲ್ಲಿಯೂ ಎಂಟನೆಯ ಮೂರು ಪಾಲೇ. ಉತ್ತರವನ್ನು ಕದಲಿಸದೆ ಶ್ರಮವನ್ನು ಮಾತ್ರ ಇಳಿಸುವ ಈ ಬುದ್ಧಿಯನ್ನು ಇಂದಿನ ಗಣಕಶಾಸ್ತ್ರಜ್ಞರು ಪುನಾರಚನೆಯೆಂದೂ ಮಿತವ್ಯಯವೆಂದೂ ಬೇರೆಬೇರೆ ಹೆಸರಿನಿಂದ ಕರೆಯುವರು. ಮಹಾವೀರನೂ ಒಂದೆಡೆ ತಪ್ಪಿದ್ದಾನೆನ್ನಿ: ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುವುದೆಂದು ಆತನ ಮತ. ನಗುವವರು ಸ್ವಲ್ಪ ತಾಳಬೇಕು. ಈ ಮಾತಿಗೆ ಮುಂದೆ ಮರಳುವೆವು.

ಹದಿನಾರರ ಪದ್ಧತಿಯನ್ನು ಅನಾಗರಿಕವೆಂದು ತಳ್ಳಿಹಾಕುವುದು ಇಂದಿನವರಿಗೆ ಸುಲಭ. ನಮಗೆ ಹಾಗೆ ತೋರುವುದಿಲ್ಲ. ಅರೆ, ಅರೆಯಲ್ಲರೆ ಕಾಲು, ಅದರಲ್ಲರೆ ಎರಡಾಣೆ, ಅದರಲ್ಲರೆ ಒಂದಾಣೆ: ಕಾಗದವಿಲ್ಲದ ಕಡೆ ಅರೆಮಾಡುತ್ತ ಹೋಗುವುದಕ್ಕಿಂತ ಅಗ್ಗದ ಲೆಕ್ಕವಿಲ್ಲ. ಅಯ್ಯನವರ ಶಾಲೆಯಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂವರೆ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದುದು ಸುಮ್ಮನೆ ಅಲ್ಲ. ಒಮ್ಮೆ ನೆನಪಿಗೆ ಕೊಟ್ಟ ಬೆಲೆಯು ಜೀವಮಾನದ ಗುಣಾಕಾರವನ್ನು ಉಳಿಸುತ್ತಿತ್ತು. ಮಣಕ್ಕೆ ನಲವತ್ತು ಸೇರು, ರೂಪಾಯಿಗೆ ಹದಿನಾರಾಣೆ. ಆದುದರಿಂದ ಮಣಕ್ಕೆ ಎರಡೂವರೆ ರೂಪಾಯಿ ಧಾರಣೆಯಿದ್ದರೆ ಸೇರಿಗೆ ಸರಿಯಾಗಿ ಒಂದಾಣೆ. ಮಣಕ್ಕೆ ಇಪ್ಪತ್ತು ರೂಪಾಯಿ ಎಂದೊಡನೆ, ಇಪ್ಪತ್ತರಲ್ಲಿ ಎರಡೂವರೆ ಎಂಟು ಸಲ, ಸೇರಿಗೆ ಎಂಟಾಣೆ ಎಂದು ಉತ್ತರ ಬರುತ್ತಿತ್ತು. ಬರಹ ಬಾರದ ಹೆಂಗಸೂ ಸಂತೆಯಲ್ಲಿ ಈ ಲೆಕ್ಕವನ್ನು ಸಾಹುಕಾರನಿಗೆ ಸಮನಾಗಿ ಮಾಡಬಲ್ಲವಳಾಗಿದ್ದಳು. ಇದೊಂದು ಸಣ್ಣ ಮಾತಲ್ಲ; ಏಕೆಂದರೆ ಲೆಕ್ಕ ತಿಳಿದವಳನ್ನು ಶೇಷದಲ್ಲಿ ಮೋಸಗೊಳಿಸುವುದು ಕಷ್ಟ.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಡನೆ ಸೇರಿತು. ೧೯೫೦ರಿಂದ ಭಾರತದ ರೂಪಾಯಿಯು ಹಾಲಿಯ ಜೊತೆಜೊತೆಗೆ ಚಲಾವಣೆಗೆ ಬಂದಿತು. ಹಾಲಿಯು ಪೂರ್ಣವಾಗಿ ಅಮಾನ್ಯವಾದದ್ದು ೧೯೫೯ರಲ್ಲಿ. ನಡುವೆ ೧೯೫೬ರ ನವೆಂಬರ್ ೧ರಂದು ಗುಲ್ಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. (ಯಾದಗಿರಿಯೇ ಜಿಲ್ಲೆಯಾದದ್ದು ೨೦೦೯ರ ಡಿಸೆಂಬರಿನಲ್ಲಿ.) ಐದು ತಿಂಗಳು ಕಳೆಯುವಷ್ಟರಲ್ಲಿ, ೧೯೫೭ರ ಏಪ್ರಿಲ್ ೧ರಂದು, ೧೯೫೫ರ ನಾಣ್ಯ ತಿದ್ದುಪಡಿ ಶಾಸನವು ಜಾರಿಗೆ ಬಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ೧೯೫೬ರ ತೂಕ ಅಳತೆಗಳ ಶಾಸನದಂತೆ ೧೯೫೮ರ ಅಕ್ಟೋಬರಿನಿಂದ ಕಿಲೋಗ್ರಾಮು ಹಂತಹಂತವಾಗಿ ದೇಶದಲ್ಲಿ ಕಾಲಿಟ್ಟಿತು. ಹಳೆ ಮೈಸೂರಿನವನಿಗೆ ಒಂದೇ ಬದಲಾದ ನಾಣ್ಯವು ಸುರಪುರದವನಿಗೆ ಒಂದು ದಶಕದೊಳಗೆ ಎರಡು ಸಲ ಬದಲಾಯಿತು. ತಕ್ಕಡಿಯ ಕಲ್ಲು ಬೇರೆ. ಈ ಭಾರವನ್ನು ನಮ್ಮ ಚರಿತ್ರೆಗಳು ಸಾಕಷ್ಟು ಗಣಿಸಿಲ್ಲವೆಂದೇ ನಮ್ಮ ಅಭಿಪ್ರಾಯ.

ಆಣೆಗೆ ಆರೂಕಾಲು ನಯಾಪೈಸೆ. ಸರಕಾರದ ಕೋಷ್ಟಕವು ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫ ಎಂದಿತು. ಎರಡಾಣೆಯ ನಿಜವಾದ ಬೆಲೆ ಹನ್ನೆರಡೂವರೆ. ಆರಾಣೆ, ಹತ್ತಾಣೆ, ಹದಿನಾಲ್ಕಾಣೆಗಳಲ್ಲಿಯೂ ಹೀಗೆಯೇ ಅರೆ ಉಳಿಯುವುದು. ಕೋಷ್ಟಕದಲ್ಲಿ ಇವು ೩೭, ೬೨, ೮೭. ಅಂದರೆ ನಾಲ್ಕು ಕಡೆಯೂ ಅರೆಯನ್ನು ಬಿಟ್ಟುಬಿಡಲಾಯಿತು. ಉಳಿದ ಅಂಕಿಗಳಲ್ಲಿ ಕಾಲು ಏರಿದಷ್ಟೇ ಕಾಲು ಇಳಿದು ಸರಿಹೋಗುವುದರಿಂದ, ಒಟ್ಟಿನಲ್ಲಿ ಕೋಷ್ಟಕವು ಹಣ ಕೊಡುವವನ ಕಡೆಗೇ ಕೂದಲಷ್ಟು ವಾಲಿತ್ತೆನ್ನಬೇಕು. ಸರಕಾರದ ಎಲ್ಲ ಕೈಗಳೂ ಒಂದೇ ದಿಕ್ಕಿಗೆ ವಾಲಿದವೆಂದಲ್ಲ: ೧೯೫೭ರ ಭೂಪಟದ ಅಂಚೆಚೀಟಿಗಳ ಸಾಲಿನಲ್ಲಿ ೧೨ ನಯಾಪೈಸೆಯ ಚೀಟಿಯಿಲ್ಲ, ೧೩ರದಿದೆ.

ಆದರೆ ಬಡವನ ವ್ಯವಹಾರ ಆಣೆಯಲ್ಲಿ ನಡೆಯುವುದಿಲ್ಲ, ದುಡ್ಡಿನಲ್ಲಿ ನಡೆಯುತ್ತದೆ. ಆಣೆಗೆ ನಾಲ್ಕರಂತಿದ್ದ ಹಳೆಯ ಪೈಸೆಯೊಂದಕ್ಕೆ ಒಂದೂವರೆಗಿಂತ ತುಸು ಹೆಚ್ಚು ನಯಾಪೈಸೆ, ಕೋಷ್ಟಕದಲ್ಲಿ ೨. ಎಲೆಯನ್ನೋ ಬೀಡಿಯನ್ನೋ ಒಂದು ಪೈಸೆಯಂತೆ ನಾಲ್ಕು ಸಲ ಕೊಂಡವನು ಎಂಟು ನಯಾಪೈಸೆ ಕೊಟ್ಟನು. ಒಮ್ಮೆಗೆ ಒಂದಾಣೆಯದನ್ನು ಕೊಂಡವನು ಆರು ಕೊಟ್ಟನು. ಮೂರನೆಯ ಒಂದು ಪಾಲು ಹೆಚ್ಚು. ಯಾರೂ ಬೆಲೆ ಏರಿಸಲಿಲ್ಲ, ಯಾರೂ ಸುಳ್ಳು ತೂಗಲಿಲ್ಲ. ಚೂರುಚೂರಾಗಿ ಕೊಳ್ಳುವವನು ಪ್ರತಿ ಸಲವೂ ಶೇಷವನ್ನು ತೆತ್ತನು, ಅಷ್ಟೇ. ಒಟ್ಟು ಮೊತ್ತವನ್ನು ಒಮ್ಮೆ ಮಾತ್ರ ಪರಿವರ್ತಿಸಿದ್ದರೆ ಈ ನಷ್ಟವಿರುತ್ತಿರಲಿಲ್ಲ. ಆದರೆ ಒಟ್ಟಿಗೆ ಕೊಳ್ಳಲು ಒಟ್ಟಿಗೆ ಹಣ ಬೇಕು.

ಹಾಲಿಯಲ್ಲಿ ಬರೆದ ಹಳೆಯ ಸಾಲಪತ್ರವಿದ್ದವನಿಗೆ ಎರಡು ಪರಿವರ್ತನೆಗಳು ಒಂದರ ಮೇಲೊಂದು ಬಂದವು. ಮೂರಾಣೆ ಹಾಲಿಯನ್ನು ಮೊದಲು ಕಲ್ದಾರಕ್ಕೆ ತಿರುಗಿಸಿದರೆ ಎರಡೂವರೆಯಾಣೆಯ ಮೇಲೆ. ಪೈಗಳ ಗೊಡವೆ ಬೇಡವೆಂದು ಮೂರಾಣೆ ಮಾಡಿ, ಕೋಷ್ಟಕ ನೋಡಿದರೆ ೧೯ ನಯಾಪೈಸೆ. ಎರಡು ಹೆಜ್ಜೆಗಳನ್ನು ಒಂದುಗೂಡಿಸಿ, ಹಾಲಿ ಆಣೆಯನ್ನು ೭೫ರಿಂದ ಗುಣಿಸಿ ೧೪ರಿಂದ ಭಾಗಿಸಿದರೆ ಬರುವುದು ೧೬. ನಡುವಿನ ಮೆಟ್ಟಿಲಲ್ಲಿ ಒಮ್ಮೆ ಸರಿಮಾಡಿದ್ದಕ್ಕೆ ಮೂರು ನಯಾಪೈಸೆಯ ದಂಡ. ಇನ್ನು ದಶಮಾಂಶವನ್ನೇ ನೆಚ್ಚಿದವನ ಪಾಡೇನು? ಏಳನೆಯ ಆರು ಪಾಲನ್ನು ದಶಮಾಂಶದಲ್ಲಿ ಬರೆದರೆ ೦.೮೫೭೧೪೨ ಎಂದು ಹೋಗಿ ಅದೇ ಆರು ಅಂಕಿಗಳು ಕೊನೆಯಿಲ್ಲದೆ ಮರಳುವುವು. ೦.೮೬ ಎಂದು ಕತ್ತರಿಸಿದರೆ ಹತ್ತು ಸಾವಿರ ರೂಪಾಯಿಗೆ ಇಪ್ಪತ್ತೆಂಟೂವರೆ ರೂಪಾಯಿಯಷ್ಟು ಹೆಚ್ಚು. ಹಳೆಯ ರೂಪಾಯಿಯ ಮೂರನೆಯ ಒಂದು ಪಾಲು ಐದಾಣೆ ನಾಲ್ಕು ಪೈ ಎಂದು ಚೊಕ್ಕವಾಗಿ ಮುಗಿಯುತ್ತಿತ್ತು. ನೂರು ಪೈಸೆಯ ಮೂರನೆಯ ಪಾಲು ಎಂದಿಗೂ ಮುಗಿಯದು. ದಶಮಾಂಶವು ಶೇಷವನ್ನು ತೊಡೆದುಹಾಕಿತೆಂಬ ನಂಬಿಕೆ ನಿರಾಧಾರ. ಅದು ಶೇಷದ ಸ್ಥಳವನ್ನು ಬದಲಾಯಿಸಿತು.

ಹಾಗಾದರೆ ದಶಮಾಂಶದಿಂದ ಲಾಭವೇ ಇಲ್ಲವೆ? ಇದೆ, ಬಹಳವಾಗಿದೆ, ಆದರೆ ಅದು ತೂಕವೂ ಬದಲಾದ ಮೇಲೆ ಕೈಗೆ ಬಂದಿತು. ಕ್ವಿಂಟಲಿಗೆ ನೂರು ಕಿಲೋ, ರೂಪಾಯಿಗೆ ನೂರು ಪೈಸೆ. ಆದ್ದರಿಂದ ಕ್ವಿಂಟಲಿಗೆ ಎಷ್ಟು ರೂಪಾಯಿಯೋ ಕಿಲೋಗೆ ಅಷ್ಟೇ ಪೈಸೆ. ಎರಡೂವರೆಯ ಮಗ್ಗಿಯೂ ಬೇಡ, ಲೆಕ್ಕವೇ ಮಾಯವಾಯಿತು. ಅತ್ಯುತ್ತಮವಾದ ಮಿತವ್ಯಯವೆಂದರೆ ಕ್ರಿಯೆಯನ್ನು ಬೇಗ ಮಾಡುವುದಲ್ಲ, ಅದರ ಅಗತ್ಯವನ್ನೇ ಕಳೆಯುವುದು. ಆದರೆ ಹಳೆಯದರಿಂದ ಹೊಸದಕ್ಕೆ ದಾಟುವ ವರ್ಷಗಳಲ್ಲಿ ಎಂಟಾಣೆ ಸೇರಿನ ಕಾಳಿಗೆ ಕಿಲೋಗೆ ಐವತ್ತಮೂರೂವರೆ ಪೈಸೆಯ ಮೇಲಾಗುತ್ತಿತ್ತು, ಏಕೆಂದರೆ ಎಂಬತ್ತು ತೊಲೆಯ ಸೇರು ೯೩೩ ಗ್ರಾಮಿನಷ್ಟು. ಮಗ್ಗಿ ಬಲ್ಲವಳ ವಿದ್ಯೆ ಆ ವರ್ಷಗಳಲ್ಲಿ ನಿರುಪಯೋಗವಾಯಿತು. ಹೊಸ ಕೋಷ್ಟಕವು ಅಚ್ಚಿನ ಕಾಗದದಲ್ಲಿತ್ತು, ಕಾಗದವು ಓದಬಲ್ಲವನ ಕೈಯಲ್ಲಿತ್ತು.

ಇನ್ನು ಇಂದಿನ ಮಾತು. ೨೦೧೫ರ ಜುಲೈ ೩೦ರಂದು ಆರಂಭವಾದ ಎಥೀರಿಯಂ ಎಂಬ ಗಣಕಜಾಲದಲ್ಲಿ ಹಣದ ಕರಾರುಗಳನ್ನು ಕ್ರಮವಿಧಿಗಳಾಗಿ ಬರೆದಿಡುವರು. ಇವಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದು ಹೆಸರು. ಜಾಲದ ಯಂತ್ರಕ್ಕೆ ಭಿನ್ನರಾಶಿಯೇ ತಿಳಿಯದು, ಪೂರ್ಣಾಂಕಗಳು ಮಾತ್ರ. ಆದುದರಿಂದ ಒಂದು ಈಥರನ್ನು ಒಂದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ‘ವೇ’ಗಳಾಗಿ ಒಡೆದಿದ್ದಾರೆ. ರೂಪಾಯಿಯನ್ನು ೧೯೨ ಪೈಯಾಗಿ ಒಡೆದುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಎರಡು ದಶಮಾಂಶ ರಾಶಿಗಳನ್ನು ಗುಣಿಸಿದರೆ ಮೂವತ್ತಾರು ಸ್ಥಾನಗಳಾಗುವುದರಿಂದ ಹದಿನೆಂಟನ್ನು ಭಾಗಿಸಿ ಕಳೆಯಬೇಕು. ಹಾಗೆ ಭಾಗಿಸುವಾಗ ಯಂತ್ರವು ಶೇಷವನ್ನು ಮಾತಿಲ್ಲದೆ ಬಿಟ್ಟುಬಿಡುವುದು. ಈ ಕೆಲಸಗಳಿಗಾಗಿ ದಶಮಾಂಶ ಗಣಿತದ ಭಂಡಾರಗಳನ್ನು ರಚಿಸಿಟ್ಟುಕೊಂಡಿದ್ದಾರೆ. ಅವುಗಳ ಮೊದಲ ಪಾಠ ನಮ್ಮ ಅಡತಿ ಗುಮಾಸ್ತನಿಗೆ ತಿಳಿದಿದ್ದುದೇ: ಮೊದಲು ಗುಣಿಸು, ಆಮೇಲೆ ಭಾಗಿಸು. ಹೀಗೆ ಮಾಡಿದಲ್ಲಿ ನಡುವಿನ ಗುಣಲಬ್ಧವು ಯಂತ್ರದ ೨೫೬ ದ್ವಿಮಾನ ಸ್ಥಾನಗಳನ್ನು ಮೀರಿ ಉಕ್ಕಬಹುದಾದ್ದರಿಂದ, ಅದನ್ನು ಇಮ್ಮಡಿ ಅಗಲದಲ್ಲಿ ಹಿಡಿದಿಟ್ಟು ಭಾಗಿಸುವ ಉಪಾಯಗಳನ್ನೂ ಕಂಡುಕೊಂಡಿದ್ದಾರೆ.

ಇಲ್ಲಿ ಪ್ರತಿಯೊಂದು ಕ್ರಿಯೆಗೂ ‘ಗ್ಯಾಸ್’ ಎಂಬ ಮಾನದಲ್ಲಿ ಸುಂಕವುಂಟು: ಕೂಡುವುದಕ್ಕೆ ೩, ಗುಣಾಕಾರ ಭಾಗಾಕಾರಗಳಿಗೆ ೫. ಎರಡರ ಘಾತದಿಂದ ಭಾಗಿಸುವುದಾದರೆ ಸ್ಥಾನಗಳನ್ನು ಸರಿಸಿದರೆ ಸಾಕು, ಅದಕ್ಕೆ ೩. ಹಾಗಾಗಿ ಕೆಲವು ಭಂಡಾರಗಳು ಹತ್ತನ್ನು ಬಿಟ್ಟು ಎರಡರ ಘಾತಗಳಲ್ಲಿ ಭಿನ್ನಗಳನ್ನು ಇಡುತ್ತವೆ. ಅರೆ, ಕಾಲು, ಹದಿನಾರರ ಜಾಣ್ಮೆಯು ಹೀಗೆ ಮರಳಿ ಬಂದುದು ನಮಗೆ ಸೋಜಿಗವಾಗಿ ಕಂಡಿತು. ಆದರೆ ನಿಜವಾದ ಖರ್ಚು ಗಣಿತದಲ್ಲಿಲ್ಲ. ೨೦೨೧ರ ಬರ್ಲಿನ್ ತಿದ್ದುಪಡಿಯ ಬಳಿಕ, ಸಂಗ್ರಹದ ಒಂದು ಮನೆಯನ್ನು ಮೊದಲ ಸಲ ತೆರೆದು ಓದುವುದಕ್ಕೆ ೨,೧೦೦. ಬರಿದಾದ ಮನೆಯಲ್ಲಿ ಹೊಸದಾಗಿ ಬರೆಯುವುದಕ್ಕೆ ೨೦,೦೦೦ಕ್ಕೂ ಹೆಚ್ಚು. ಲೆಕ್ಕಕ್ಕಿಂತ ಖಾತೆವಹಿ ಬಿಚ್ಚುವುದೇ ದುಬಾರಿ! ಆದ್ದರಿಂದ ಬಲ್ಲವರು ಪುನಾರಚನೆ ಮಾಡುವಾಗ ಒಂದೇ ಅಂಕಿಯನ್ನು ಎರಡು ಸಲ ವಹಿಯಿಂದ ಓದದಂತೆ ನೋಡಿಕೊಳ್ಳುವರು, ಹತ್ತು ಕಡೆ ಬರೆದ ಒಂದೇ ಸೂತ್ರವನ್ನು ಒಂದೆಡೆಗೆ ತರುವರು. ಆದರೆ ಪೈಸೆಯೊಂದೂ ಆಚೀಚೆಯಾಗದಂತೆ ಹಳೆಯ ಉತ್ತರದೊಡನೆ ತಾಳೆ ನೋಡುವರು. ಮಹಾವೀರನ ಮಾತಿಗೆ ಮರಳುವುದಾದರೆ, ಈ ಯಂತ್ರದಲ್ಲಿ ಸೊನ್ನೆಯಿಂದ ಭಾಗಿಸಿದರೆ ಬರುವ ಉತ್ತರ ಸೊನ್ನೆ! ಅದರ ಮೇಲಿನ ಸಾಲಿಡಿಟಿ ಎಂಬ ಭಾಷೆಯು ಮಾತ್ರ ಆ ವ್ಯವಹಾರವನ್ನೇ ತಡೆದು ರದ್ದುಮಾಡುವುದು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನವನನ್ನು ನಾವು ನಗಬೇಕಾಗಿಲ್ಲ.

ಶೇಷದ ದಿಕ್ಕಿನ ಬಗೆಗೆ ಈ ಜನ ನಮ್ಮ ಸರಕಾರದ ಕೋಷ್ಟಕಕ್ಕಿಂತ ಕಟ್ಟುನಿಟ್ಟು. ನಿಧಿಗಳ ವಿಷಯದ ಇಆರ್‌ಸಿ-೪೬೨೬ ಎಂಬ ನಿಯಮಾವಳಿಯಂತೆ, ನಿಧಿಯು ಕೊಡಬೇಕಾದಲ್ಲಿ ಶೇಷವನ್ನು ಬಿಡಬೇಕು, ನಿಧಿಗೆ ಬರಬೇಕಾದಲ್ಲಿ ಮೇಲಕ್ಕೆ ಏರಿಸಬೇಕು. ಎರಡೂ ಸಲ ಚೂರು ನಿಧಿಯ ಪಾಲು. ಸಾಹುಕಾರನ ನೀತಿಯೇ ಇದು ಎಂದು ಓದುಗರು ಹೇಳಿಯಾರು. ಕಾರಣವೇನೋ ಇದೆ: ಯಂತ್ರದಲ್ಲಿ ಒಬ್ಬನೇ ಲಕ್ಷ ಸಲ ಚೂರನ್ನು ಸೆಳೆದು ನಿಧಿಯನ್ನು ಬರಿದುಮಾಡಬಲ್ಲನು. ಚೂರುಗಳು ಕೂಡಿ ಏನಾಗುವುವೆಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕವು ನಿದರ್ಶನ. ೧೯೮೨ರ ಜನವರಿಯಲ್ಲಿ ೧೦೦೦ದಿಂದ ಆರಂಭವಾದ ಅದು, ಪ್ರತಿ ವ್ಯವಹಾರದ ಬಳಿಕವೂ ಮೂರನೆಯ ದಶಮಾಂಶದಿಂದಾಚೆಯದನ್ನು ಸುಮ್ಮನೆ ಕತ್ತರಿಸುತ್ತ ಬಂದುದರಿಂದ, ೧೯೮೩ರ ನವೆಂಬರಿನ ಹೊತ್ತಿಗೆ ೫೨೪ರ ಆಸುಪಾಸಿಗೆ ಇಳಿದಿತ್ತು. ತಿದ್ದಿ ನೋಡಿದಾಗ ಅದು ೧೦೯೮ನ್ನು ದಾಟಿದ್ದಿತು.

೧೯೬೪ರ ಜೂನ್ ೧ರಂದು ನಯಾಪೈಸೆಯ ‘ನಯಾ’ ಬಿದ್ದುಹೋಯಿತು. ೨೦೧೧ರ ಜೂನ್ ೩೦ರಿಂದ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಿರಿಯ ನಾಣ್ಯಗಳ ಚಲಾವಣೆಯೂ ನಿಂತಿತು. ನಾಲ್ಕಾಣೆ, ಎಂಟಾಣೆಗಳು ನಾಲಿಗೆಯಲ್ಲಿ ಮಾತ್ರ ಉಳಿದಿವೆ. ಪೂರ್ಣ ಸತ್ಯವನ್ನು ನಮ್ಮ ಜನ ಈಗಲೂ ‘ಹದಿನಾರಾಣೆ’ ಎಂದೇ ಹೇಳುವರು. ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಮನೆತನಗಳಲ್ಲಿ ೧೯೫೦ರಿಂದ ೧೯೬೨ರವರೆಗಿನ ಕೀರ್ದಿ ಖಾತೆಗಳು ದೊರೆತರೆ ವಿದ್ಯಾರ್ಥಿಗಳು ಅವನ್ನು ಜೋಪಾನವಾಗಿ ನಕಲಿಸಿಕೊಳ್ಳಬೇಕೆಂದು ಕೋರುತ್ತೇವೆ. ಹಾಲಿಯ ಮೊತ್ತವನ್ನು ಕಲ್ದಾರಕ್ಕೆ ಇಳಿಸಿದ ಸಾಲುಗಳಲ್ಲಿ ಪೈಗಳು ಎಲ್ಲಿ ನಿಂತಿವೆ, ಎಲ್ಲಿ ಬಿಟ್ಟುಹೋಗಿವೆ, ಬಿಟ್ಟುಹೋದದ್ದು ಜಮೆಯ ಬದಿಯಲ್ಲೋ ಖರ್ಚಿನ ಬದಿಯಲ್ಲೋ ಎಂಬುದನ್ನು ಮೊದಲು ಗುರುತುಹಾಕಿಕೊಳ್ಳತಕ್ಕದ್ದು.